ಸುರಿಯದ ವಾರ್ನಿಷ್

ಜೆಲ್ ವಾರ್ನಿಷ್ ಡಬ್ಬದ ಮುಚ್ಚಳ ಎಬ್ಬಿಸಿ, ಡಬ್ಬವನ್ನು ಮೆಲ್ಲಗೆ ಓರೆ ಮಾಡಿ. ಒಳಗಿರುವ ಜೇನುಬಣ್ಣದ ಮುದ್ದೆ ಕದಲುವುದಿಲ್ಲ. ಕಡ್ಡಿಯಿಂದ ತೋಡಿದರೆ ತೋಡಿದ ಗುಳಿ ಹಾಗೆಯೇ ಉಳಿಯುತ್ತದೆ. ಅದರಲ್ಲೇ ಒಂದಿಷ್ಟನ್ನು ಬಟ್ಟೆಗೆ ಮೆತ್ತಿಕೊಂಡು ಮರದ ಮೇಲೆ ಉಜ್ಜಿದಾಗ ಮಾತ್ರ ಅದು ಸಡಿಲಾಗುತ್ತದೆ. ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ಹಲಗೆಯ ತುಂಬ ತೆಳ್ಳಗೆ ಹರಡಿಕೊಂಡಿರುತ್ತದೆ. ಕೈ ತೆಗೆದರೆ ಮತ್ತೆ ಬಿಗಿದುಕೊಳ್ಳುತ್ತದೆ. ನೆಟ್ಟಗೆ ನಿಂತ ಬಾಗಿಲಿನ ಮೇಲೂ ಇಳಿಯುವುದಿಲ್ಲ, ತೊಟ್ಟಿಕ್ಕುವುದಿಲ್ಲ.

ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈ ಡಬ್ಬಕ್ಕೆ ಗಿರಾಕಿ ಇದೆ. ಅಲ್ಲಿನ ಅಡುಗೆಮನೆಗಳಲ್ಲಿ ಗೋಡೆಯುದ್ದಕ್ಕೂ ಮರದ ಕಪಾಟುಗಳು. ಕೆಲಸದವರನ್ನು ಕರೆಸಿದರೆ ಕೂಲಿ ದುಬಾರಿ. ಹಾಗಾಗಿ ಮಂಕಾದ ಓಕ್ ಬಾಗಿಲುಗಳನ್ನು ಕಳಚಿ, ಉಜ್ಜಿ, ಮನೆಯವರೇ ಹೊಸದು ಮಾಡಿಕೊಳ್ಳುವುದು ಅಲ್ಲಿ ವಾಡಿಕೆ. ಹಳೇ ಮನೆ ಕೊಂಡು ನೆಲೆಸಿದ ಕನ್ನಡಿಗರೂ ಇದಕ್ಕೆ ಕೈಹಾಕುತ್ತಾರೆ. ನಮ್ಮೂರಲ್ಲಾದರೆ ಇದು ಪಾಲಿಶ್ ಕೆಲಸದವರ ಪಾಲಿನದು. ಅವರ ಕೈಯಲ್ಲಿ ಈಗ ಸ್ಪ್ರೇ ಗನ್, ಅದರೊಳಗೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಪಳಗದ ಕೈಯೂ ಸೋರಿಸದೆ ಹಚ್ಚಬಹುದು ಎಂಬ ಭರವಸೆಯೇ ಜೆಲ್ ವಾರ್ನಿಷ್‌ನ ಬಂಡವಾಳ. ಭರವಸೆ ಸುಳ್ಳೇನಲ್ಲ. ಆದರೆ ಸೋರದಿರುವ ಗುಣ ಪುಕ್ಕಟೆಯಾಗಿ ಬಂದದ್ದಲ್ಲ. ಒಂದು ಕಡೆ ಉಳಿಸಿದ ಶ್ರಮವನ್ನು ಅದು ಇನ್ನೊಂದು ಕಡೆ ವಸೂಲಿ ಮಾಡುತ್ತದೆ. ಎಲ್ಲೆಲ್ಲಿ, ಎಷ್ಟೆಷ್ಟು ಎನ್ನುವುದು ಡಬ್ಬದ ಮೇಲೆ ಬರೆದಿರುವುದಿಲ್ಲ.

ಮೊದಲು ಮಾಮೂಲಿ ವಾರ್ನಿಷ್ ಯಾಕೆ ಇಳಿಯುತ್ತದೆಂದು ನೋಡೋಣ. ನಿಂತ ಬಾಗಿಲಿಗೆ ಬ್ರಷ್ಷಿನಲ್ಲಿ 100 ಮೈಕ್ರಾನ್ ದಪ್ಪದ ಪದರ, ಎಂದರೆ ಸುಮಾರು ಒಂದು ಹಾಳೆ ಕಾಗದದಷ್ಟು, ಬಳಿದಿದ್ದೀರಿ ಎಂದುಕೊಳ್ಳಿ. ವಾರ್ನಿಷ್‌ನ ಸ್ನಿಗ್ಧತೆ ನೀರಿನ ನೂರು ಪಟ್ಟು ಇರಲಿ. ಭೂಮಿಯ ಸೆಳೆತಕ್ಕೆ ಆ ಪದರದ ಹೊರಮೈ ಸೆಕೆಂಡಿಗೆ ಅರ್ಧ ಮಿಲಿಮೀಟರಿಗೆ ಹತ್ತಿರದ ವೇಗದಲ್ಲಿ ಕೆಳಗೆ ಜಾರುತ್ತದೆ. ಕೇಳುವುದಕ್ಕೆ ಇದು ಏನೂ ಅಲ್ಲ. ಒಂದು ನಿಮಿಷಕ್ಕೆ ಎರಡೂವರೆ ಸೆಂಟಿಮೀಟರ್ ಆಯಿತು. ದ್ರಾವಕ ಆರಿ ವಾರ್ನಿಷ್ ಮಂದವಾಗಲು ಹಲವು ನಿಮಿಷ ಬೇಕು. ಅಷ್ಟು ಹೊತ್ತಿಗೆ ಮೇಲಿನದೆಲ್ಲ ಕೆಳಗಿಳಿದು, ಚೌಕಟ್ಟಿನ ಅಂಚಿನಲ್ಲಿ ತೊಟ್ಟುಗಟ್ಟಿ ನಿಂತಿರುತ್ತದೆ.

ಈ ಲೆಕ್ಕದಲ್ಲಿ ದಪ್ಪದ ಪಾತ್ರ ದೊಡ್ಡದು. ಪದರದ ದಪ್ಪವನ್ನು ಅರ್ಧಕ್ಕಿಳಿಸಿದರೆ ಜಾರುವ ವೇಗ ಕಾಲು ಭಾಗಕ್ಕಿಳಿಯುತ್ತದೆ, ಕೆಳಗೆ ಹರಿದುಹೋಗುವ ವಾರ್ನಿಷ್‌ನ ಮೊತ್ತ ಎಂಟರಲ್ಲಿ ಒಂದು ಭಾಗವಾಗುತ್ತದೆ. ಅನುಭವಸ್ಥರು ತೆಳ್ಳಗೆ ಬಳಿಯಿರಿ ಎಂದು ಗದರುವುದು ಇದಕ್ಕೇ. ಹೊಸಬರು ಒಂದೇ ಕೋಟ್‌ನಲ್ಲಿ ಕೆಲಸ ಮುಗಿಸುವ ಆಸೆಗೆ ದಪ್ಪಗೆ ಬಳಿದು ಕೆಡಿಸಿಕೊಳ್ಳುತ್ತಾರೆ.

ಇಳಿಯದಂತೆ ತಡೆಯಲು ಇನ್ನೊಂದು ದಾರಿಯಿದೆ. ಆ 100 ಮೈಕ್ರಾನ್ ಪದರದ ತೂಕ ಬಾಗಿಲಿನ ಮೇಲ್ಮೈಯನ್ನು ಕೆಳಕ್ಕೆ ಎಳೆಯುವ ಬಲ ಒಂದು ಪ್ಯಾಸ್ಕಲ್‌ಗೂ ಒಂದಿಷ್ಟು ಕಡಿಮೆ. 100 ಗ್ರಾಂ ತೂಕವನ್ನು ಒಂದು ಚದರ ಮೀಟರ್ ಜಾಗದಲ್ಲಿ ಹರಡಿದರೆ ಬೀಳುವ ಒತ್ತಡವೇ ಸುಮಾರು ಒಂದು ಪ್ಯಾಸ್ಕಲ್. ಇಷ್ಟು ಪುಟ್ಟ ಬಲಕ್ಕೆ ಜಗ್ಗದಷ್ಟು ಬಿಗಿ ವಾರ್ನಿಷ್‌ನ ಒಳಗೇ ಇದ್ದುಬಿಟ್ಟರೆ ಪದರ ನಿಧಾನವಾಗಿ ಕೂಡ ಇಳಿಯುವುದಿಲ್ಲ. ಕೈ ಉಜ್ಜುವಾಗಿನ ಬಲ ಇದಕ್ಕಿಂತ ನೂರಾರು ಪಟ್ಟು ಜಾಸ್ತಿ, ಅದಕ್ಕೆ ಮಾತ್ರ ಬಿಗಿ ಸಡಿಲಬೇಕು. ಗಟ್ಟಿ ಮೊಸರಿನಲ್ಲಿ ಇದರ ಅರ್ಧ ಭಾಗವನ್ನು ದಿನವೂ ನೋಡುತ್ತೇವೆ: ಪಾತ್ರೆ ವಾಲಿಸಿದರೆ ನಿಲ್ಲುತ್ತದೆ, ಸೌಟು ಆಡಿಸಿದರೆ ಹರಿಯುತ್ತದೆ. ಒಮ್ಮೆ ಒಡೆದ ಮೊಸರು ಮಾತ್ರ ಮತ್ತೆ ಮೊದಲಿನಂತೆ ಹೆಪ್ಪುಗಟ್ಟುವುದಿಲ್ಲ. ಜೆಲ್ ವಾರ್ನಿಷ್ ಮತ್ತೆ ಬಿಗಿಯಾಗಲೇಬೇಕು, ಅದೂ ಕೆಲವೇ ಸೆಕೆಂಡುಗಳಿಂದ ನಿಮಿಷಗಳ ಒಳಗೆ.

ಇಂಥ ವರ್ತನೆಯನ್ನು ಪ್ರಯೋಗಶಾಲೆಯಲ್ಲಿ ಮೊದಲಿಗೆ ಸರಿಯಾಗಿ ಗುರುತಿಸಿದ್ದು 1923ರಲ್ಲಿ, ಬರ್ಲಿನ್‌ನಲ್ಲಿ. ಎಮ್ಮಾ ಶಾಲೆಕ್ ಮತ್ತು ಆಂಡೋರ್ ಸೆಗ್ವಾರಿ ಎಂಬ ಸಂಶೋಧಕರು ಕಬ್ಬಿಣದ ಹೈಡ್ರಾಕ್ಸೈಡಿನ ಜೆಲ್ ಒಂದನ್ನು ಗಾಜಿನ ನಳಿಕೆಯಲ್ಲಿಟ್ಟು ಅಲುಗಿಸಿದರು. ಜೆಲ್ ನೀರಾಯಿತು. ಸುಮ್ಮನೆ ಬಿಟ್ಟರೆ ಮತ್ತೆ ಜೆಲ್ ಆಯಿತು. ಎಷ್ಟು ಸಲ ಅಲುಗಿಸಿದರೂ ಅದೇ ಆಟ. ಕೆಲವು ವರ್ಷಗಳ ನಂತರ ಇದಕ್ಕೆ ಥಿಕ್ಸೊಟ್ರೋಪಿ ಎಂಬ ಹೆಸರು ಬಿತ್ತು.

ಕಬ್ಬಿಣದ ಈ ಜೆಲ್ಲಿಗೆ ಇನ್ನೊಂದು ಸ್ವಾರಸ್ಯದ ಕಥೆ ಅಂಟಿಕೊಂಡಿದೆ, ಕಪಾಟಿಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಹೇಳದೆ ಬಿಡಲಾರೆ. ಇಟಲಿಯ ನೇಪಲ್ಸ್ ನಗರದ ಕೆಥೆಡ್ರಲ್‌ನಲ್ಲಿ ಸಂತ ಜೆನಾರೋನ ರಕ್ತವೆಂದು ಪೂಜಿಸುವ ಗಾಜಿನ ಕುಪ್ಪಿಯೊಂದಿದೆ. ಒಳಗಿನ ಗಟ್ಟಿ ಪದಾರ್ಥ ಉತ್ಸವದ ದಿನ ಭಕ್ತರೆದುರು ದ್ರವವಾಗುತ್ತದೆ. ಇದರ ದಾಖಲೆ 1389ರಷ್ಟು ಹಿಂದಿನದು. 1991ರಲ್ಲಿ ಲುಯಿಜಿ ಗಾರ್ಲಾಸ್ಕೆಲ್ಲಿ ಮತ್ತು ಸಂಗಡಿಗರು ಕಬ್ಬಿಣದ ಕ್ಲೋರೈಡ್, ಸುಣ್ಣದ ಕಲ್ಲಿನ ಪುಡಿ, ಉಪ್ಪು, ನೀರು ಬಳಸಿ ಥೇಟ್ ಅದೇ ಬಣ್ಣದ ಥಿಕ್ಸೊಟ್ರೋಪಿಕ್ ಜೆಲ್ ತಯಾರಿಸಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮಧ್ಯಯುಗದಲ್ಲೂ ಸಿಗುತ್ತಿದ್ದ ಸಾಮಗ್ರಿಯೇ ಅಷ್ಟೂ. ಉತ್ಸವದಲ್ಲಿ ಕುಪ್ಪಿಯನ್ನು ತಿರುಗಿಸಿ ನೋಡುವಾಗಿನ ಅಲುಗಾಟವೇ ಸಾಕಾಗಿರಬಹುದು ಎಂಬುದು ಅವರ ಊಹೆ. ಕುಪ್ಪಿಯನ್ನು ತೆರೆದು ನೋಡಿಲ್ಲವಾದ್ದರಿಂದ ಅದು ಊಹೆಯಾಗಿಯೇ ನಿಂತಿದೆ.

ವಾರ್ನಿಷ್‌ಗೆ ಬರೋಣ. ಬಿಗಿ ತರುವ ಪದಾರ್ಥ ಡಬ್ಬದಿಂದ ಡಬ್ಬಕ್ಕೆ ಬೇರೆಯಾದರೂ ಬಣ್ಣದ ಉದ್ಯಮ ಸಾಮಾನ್ಯವಾಗಿ ಮೊರೆಹೋಗುವುದು ಮೂರಕ್ಕೆ. ಒಂದು, ಬೆಂಟೊನೈಟ್ ಜೇಡಿಮಣ್ಣು. ಅದರ ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಜೇಡಿಗೆ ನೀರೆಂದರೆ ಇಷ್ಟ, ಎಣ್ಣೆಯೆಂದರೆ ಆಗದು. ಹಾಳೆಗಳ ಮೈಗೆ ಎಣ್ಣೆಗೆ ಒಗ್ಗುವ ಅಮೋನಿಯಂ ಲವಣಗಳನ್ನು ತೊಡಿಸಿ ಆ ಹಟ ಬಿಡಿಸುವ ವಿಧಾನಕ್ಕೆ ಅರ್ನ್‌ಸ್ಟ್ ಹೌಸರ್ 1950ರಲ್ಲಿ ಪೇಟೆಂಟ್ ಪಡೆದರು. ಎರಡನೆಯದು ಸಿಲಿಕಾ. 1942ರಲ್ಲಿ ಜರ್ಮನಿಯ ಡೆಗುಸ್ಸಾ ಕಂಪನಿಯ ಹ್ಯಾರಿ ಕ್ಲೋಪ್ಫರ್ ಸಿಲಿಕಾನ್ ಟೆಟ್ರಾಕ್ಲೋರೈಡನ್ನು ಹೈಡ್ರೋಜನ್ ಜ್ವಾಲೆಯಲ್ಲಿ ಸುಟ್ಟು ಪಡೆದ, ಊದಿದರೆ ಹಾರಿಹೋಗುವಂಥ ಬಿಳಿ ಪುಡಿ. ಅದರ ಒಂದು ಗ್ರಾಮಿನ ಒಟ್ಟು ಮೈ 200 ಚದರ ಮೀಟರಿನಷ್ಟಿರಬಹುದು. ಮೂರನೆಯದು ನಮ್ಮ ಹರಳೆಣ್ಣೆ. ಅದಕ್ಕೆ ಹೈಡ್ರೋಜನ್ ಕೂಡಿಸಿದರೆ ಗಟ್ಟಿ ಮೇಣವಾಗುತ್ತದೆ. ದ್ರಾವಕದಲ್ಲಿ ಬಿಸಿಮಾಡಿ ಕಲಕಿದಾಗ ಆ ಮೇಣ ಸಣ್ಣ ಸಣ್ಣ ನಾರುಗಳಾಗಿ ಅರಳುತ್ತದೆ. ಜಗತ್ತಿನ ಹರಳೆಣ್ಣೆಯಲ್ಲಿ ಸಿಂಹಪಾಲು ಭಾರತದ್ದು, ಅದರಲ್ಲೂ ಗುಜರಾತಿನದು.

ಹಾಳೆಯಿರಲಿ, ಕಣವಿರಲಿ, ನಾರಿರಲಿ, ಕೆಲಸ ಒಂದೇ. ದ್ರವ ಸುಮ್ಮನಿದ್ದಾಗ ಅವು ದುರ್ಬಲ ಬಂಧಗಳಿಂದ ಒಂದರ ಕೈ ಒಂದು ಹಿಡಿದು ಡಬ್ಬದ ತುಂಬ ಒಂದು ಚೌಕಟ್ಟು ಕಟ್ಟಿಕೊಳ್ಳುತ್ತವೆ. ಬಟ್ಟೆಯಿಂದ ಉಜ್ಜಿದಾಗ ಬಂಧಗಳು ಕಳಚುತ್ತವೆ, ಬಿಟ್ಟಾಗ ಕೂಡುತ್ತವೆ. ಅಷ್ಟಕ್ಕೆ ಬೇಕಾಗುವುದು ವಾರ್ನಿಷ್‌ನ ತೂಕದಲ್ಲಿ ಕೆಲವೇ ಪ್ರತಿಶತ.

ಇನ್ನು ವಸೂಲಿಯ ವಿಷಯ. ಬ್ರಷ್ ಎಳೆದ ಮೇಲೆ ಹಸಿ ವಾರ್ನಿಷ್‌ನಲ್ಲಿ ಸಾಲು ಸಾಲು ಗೀರು ಉಳಿಯುತ್ತದೆ. ಮಾಮೂಲಿ ವಾರ್ನಿಷ್ ಬಳಿದವರು ಅದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ದ್ರವದ ಮೇಲ್ಮೈ ಎಳೆತ ಆ ದಿಣ್ಣೆ-ತಗ್ಗುಗಳನ್ನು ತಾನಾಗಿ ಸಮ ಮಾಡುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಹೊರಮೈ ಕನ್ನಡಿಯಾಗಿರುತ್ತದೆ. ಆದರೆ ಈ ಎಳೆತ ಎಷ್ಟು ಬಲಶಾಲಿ? ಗೀರುಗಳ ನಡುವೆ ಎರಡು ಮಿಲಿಮೀಟರ್ ಅಂತರ, ದಿಣ್ಣೆಯ ಎತ್ತರ ಐದು ಮೈಕ್ರಾನ್, ಪದರದ ದಪ್ಪ 50 ಮೈಕ್ರಾನ್ ಎಂದು ಹಿಡಿದು ಗುಣಿಸಿದರೆ ಉತ್ತರ ಬರುವುದು ಒಂದು ಪ್ಯಾಸ್ಕಲ್‌ನ ಸುಮಾರು ಕಾಲು ಭಾಗ. ಒಂದು ಪ್ಯಾಸ್ಕಲ್‌ಗೆ ಜಗ್ಗದಂತೆ ನಾವೇ ಬಿಗಿಮಾಡಿದ ವಾರ್ನಿಷ್ ಕಾಲು ಪ್ಯಾಸ್ಕಲ್‌ಗೆ ಎಲ್ಲಿ ಜಗ್ಗೀತು? ಭೂಮಿಯ ಸೆಳೆತವನ್ನು ತಡೆದ ಚೌಕಟ್ಟೇ ಮೇಲ್ಮೈ ಎಳೆತವನ್ನೂ ತಡೆಯುತ್ತದೆ. ಇಳಿಯದ ವಾರ್ನಿಷ್ ಸಮವಾಗುವುದೂ ಇಲ್ಲ. ಹಚ್ಚಿದಾಗ ಹೇಗಿತ್ತೋ ಹಾಗೇ ಗಟ್ಟಿಯಾಗುತ್ತದೆ, ಗೀರು, ಗೆರೆ, ಬೆರಳಚ್ಚು ಸಮೇತ.

ದ್ರವ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಬಟ್ಟೆ ಮಾಡಬೇಕು. ಹೀಗಾಗಿಯೇ ಜೆಲ್ ವಾರ್ನಿಷ್‌ನ ವಿಧಾನ ಹಚ್ಚುವುದರಲ್ಲಿ ಮುಗಿಯದೆ ಒರೆಸುವುದಕ್ಕೆ ಹೋಗುತ್ತದೆ. ಕಪಾಟಿನ ಬಾಗಿಲೆಂದರೆ ನಾಲ್ಕು ಪಟ್ಟಿಗಳ ಚೌಕಟ್ಟು, ನಡುವೆ ಒಂದು ಹಲಗೆ. ಹಳೆಯ ಬನಿಯನ್ ಬಟ್ಟೆಯಂಥ, ಎಳೆ ಉದುರದ ಮೆತ್ತನೆಯ ಹತ್ತಿ ಬೇಕು. ಮೊದಲು ಹಲಗೆ ಚೌಕಟ್ಟಿಗೆ ಸೇರುವ ಸಂದುಗಳಿಗೆ ಬೆರಳಿನಿಂದ ಒತ್ತಿ ಹಚ್ಚುವುದು, ಆಮೇಲೆ ಹಲಗೆಗೆ ಸುತ್ತುಸುತ್ತಾಗಿ ಉಜ್ಜುವುದು, ಕೊನೆಗೆ ಪಟ್ಟಿಗಳು. ಸುತ್ತು ಹೊಡೆಯುವುದರಿಂದ ಓಕ್ ಮರದ ತೆರೆದ ರಂಧ್ರಗಳಿಗೂ ವಾರ್ನಿಷ್ ಇಳಿಯುತ್ತದೆ. ಕೂಡಲೇ ಒಣಬಟ್ಟೆ ತೆಗೆದುಕೊಂಡು ಹೆಚ್ಚಿನದನ್ನೆಲ್ಲ ಎತ್ತಿಬಿಡಬೇಕು. ಕಡೆಯದಾಗಿ ಇನ್ನೊಂದು ಬಟ್ಟೆಯನ್ನು ಮೈ ತಾಗಿತೋ ಇಲ್ಲವೋ ಎಂಬಷ್ಟು ಹಗುರವಾಗಿ, ಮರದ ಎಳೆಯ ಉದ್ದಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಎಳೆಯುವುದು. ಕೊನೆಯ ಈ ಎಳೆತದಲ್ಲಿ ಬಟ್ಟೆ ತಡವರಿಸತೊಡಗಿದರೆ ದ್ರಾವಕ ಆಗಲೇ ಆರಿ ವಾರ್ನಿಷ್ ಹಿಡಿದುಕೊಳ್ಳುತ್ತಿದೆ ಎಂದರ್ಥ. ಆಗ ಕೈಯೆತ್ತುವುದೇ ಜಾಣತನ. ಗೆರೆ ಕಂಡರೆ ಮಾರನೆಯ ದಿನ ಉಪ್ಪುಕಾಗದ ಇದ್ದೇ ಇದೆ. ಬಿಸಿಲಿಗೆ ಕಾದ ಬಾಗಿಲಾದರೆ ಒರೆಸುವ ಅವಕಾಶ ಎರಡು ಮೂರು ನಿಮಿಷವೂ ಸಿಗದು. ಒಂದು ಬಾಗಿಲು ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ.

ಹೀಗೆ ಒರೆಸಿದ ಮೇಲೆ ಮರದ ಮೇಲೆ ಉಳಿಯುವುದು ಹತ್ತಿಪ್ಪತ್ತು ಮೈಕ್ರಾನ್ ಮಾತ್ರ. ದ್ರಾವಕ ಹಾರಿಹೋದರೆ ಅದರಲ್ಲೂ ಸುಮಾರು ಅರ್ಧ. ಬ್ರಷ್ಷಿನ ಒಂದು ಕೋಟ್ ಕೊಡುವ ರಕ್ಷಣೆಗೆ ಬಟ್ಟೆಯ ಮೂರು ನಾಲ್ಕು ಕೋಟ್ ಬೇಕು. ಇದೇ ಮೊದಲ ವಸೂಲಿ. ಡಬ್ಬದ ಮೇಲೆ 'ಸುಲಭ' ಎಂದು ಬರೆದವರು ಒಂದು ಕೋಟ್‌ನ ಸುಲಭವನ್ನು ಹೇಳುತ್ತಿರುತ್ತಾರೆ, ನಾಲ್ಕು ದಿನದ ಕೆಲಸವನ್ನಲ್ಲ. ಹಾಗೆಂದು ತೆಳು ಕೋಟ್‌ನಿಂದ ಒಂದು ನಿಜವಾದ ಲಾಭವೂ ಇದೆ. ಅದು ತಿಳಿಯಬೇಕಾದರೆ ವಾರ್ನಿಷ್ ಹೇಗೆ ಗಟ್ಟಿಯಾಗುತ್ತದೆಂದು ತಿಳಿಯಬೇಕು.

ಒದ್ದೆ ಬಟ್ಟೆ ನೀರು ಕಳೆದುಕೊಂಡು ಒಣಗುತ್ತದೆ. ಜೆಲ್ ವಾರ್ನಿಷ್ ಸೇರಿದಂತೆ ಎಣ್ಣೆಯ ವಾರ್ನಿಷ್ ಗಾಳಿಯಿಂದ ಪಡೆದುಕೊಂಡು ಒಣಗುತ್ತದೆ. ಶುದ್ಧ ಅಗಸೆ ಎಣ್ಣೆಯನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ದಿನವೂ ತೂಗಿದರೆ ಅದು ಗಟ್ಟಿಯಾಗುತ್ತ ಹೋದಂತೆ ಭಾರವಾಗುತ್ತದೆ, ಮೊದಲಿನ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು. ಸೇರಿದ್ದು ಆಮ್ಲಜನಕ. ಎಣ್ಣೆಯ ಉದ್ದನೆಯ ಕೊಬ್ಬಿನಾಮ್ಲಗಳಲ್ಲಿ ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲವೊಂದು ಇದ್ದರೆ, ಅದರ ಹೈಡ್ರೋಜನ್ ಬಲು ಸಡಿಲ. ಅದು ಕಳಚಿದ ಜಾಗಕ್ಕೆ ಆಮ್ಲಜನಕ ಬಂದು ಕೂತು ಪೆರಾಕ್ಸೈಡ್ ಆಗುತ್ತದೆ. ಪೆರಾಕ್ಸೈಡ್ ಒಡೆದು ಪಕ್ಕದ ಅಣುವಿಗೆ ಕೈಚಾಚುತ್ತದೆ. ಕೊನೆಗೆ ಅಣುಗಳೆಲ್ಲ ಅಡ್ಡಡ್ಡ ಹೆಣೆದುಕೊಂಡು ಮತ್ತೆ ಕರಗಿಸಲಾಗದ ಒಂದೇ ಬಲೆಯಾಗುತ್ತವೆ. ಡಬ್ಬದಲ್ಲಿ ಚೂರು ಕೋಬಾಲ್ಟ್ ಲವಣ ಬೆರೆಸಿರುತ್ತಾರೆ, ಪೆರಾಕ್ಸೈಡ್ ಒಡೆಯುವ ಹೆಜ್ಜೆಗೆ ಅದು ಚುರುಕು ಕೊಡುತ್ತದೆ.

ಯಾವ ಎಣ್ಣೆ ಒಣಗುತ್ತದೆ, ಯಾವುದು ಒಣಗದು ಎನ್ನುವುದಕ್ಕೆ ಅಯೋಡಿನ್ ಸಂಖ್ಯೆ ಎಂಬ ಹಳೆಯ ಅಳತೆ ಇದೆ. ದ್ವಿಬಂಧ ಹೆಚ್ಚಿದ್ದಷ್ಟೂ ಸಂಖ್ಯೆ ದೊಡ್ಡದು. ತೆಂಗಿನೆಣ್ಣೆಯದ್ದು ಹತ್ತರ ಆಸುಪಾಸು. ಕಡಲೆಕಾಯಿ ಎಣ್ಣೆಯದ್ದು ನೂರರ ಒಳಹೊರಗೆ. ಹುಚ್ಚೆಳ್ಳು, ಕುಸುಬೆಗಳು ನೂರಮೂವತ್ತು ನಲವತ್ತರ ಸುತ್ತ. ಅಗಸೆ 170 ದಾಟುತ್ತದೆ. ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಕುಸುಬೆ ಎಣ್ಣೆ ಡಬ್ಬದ ಹೊರಮೈಗೆ ಹತ್ತಿದ ಜಿಡ್ಡು ಸೋಪಿಗೂ ಬಿಡದ ಹಳದಿ ಪದರವಾಗುವುದನ್ನು ಕಂಡವರಿಗೆ ವಾರ್ನಿಷ್‌ನ ರಸಾಯನ ಬೇರೆ ಹೇಳಿಕೊಡಬೇಕಿಲ್ಲ. ಅದು ವಾರ್ನಿಷ್ಷೇ. ಕುಸುಬೆ ಎಣ್ಣೆ ಬಣ್ಣದ ಉದ್ಯಮಕ್ಕೂ ಬೇಕಾದದ್ದೇ, ಅಗಸೆಯಷ್ಟು ಬೇಗ ಹಳದಿಗಟ್ಟುವುದಿಲ್ಲವೆಂಬ ಕಾರಣಕ್ಕೆ. ಇಂದಿನ ಜೆಲ್ ವಾರ್ನಿಷ್‌ಗಳಲ್ಲಿ ಸಾಮಾನ್ಯವಾಗಿ ಇಂಥ ಎಣ್ಣೆಯನ್ನು ನೇರ ಸುರಿಯದೆ, ಯುರೆಥೇನ್ ಜೊತೆ ಮೊದಲೇ ಹೆಣೆದು ರಾಳ ಮಾಡಿರುತ್ತಾರೆ. ಗೀರು ತಾಳುವ ಗಟ್ಟಿತನ ಯುರೆಥೇನ್‌ನದು, ಗಾಳಿಗೆ ಹೆಣೆದುಕೊಳ್ಳುವ ಗುಣ ಎಣ್ಣೆಯದು.

ಆಮ್ಲಜನಕ ಬರುವುದು ಹೊರಗಿನಿಂದ. ಪದರ ತೆಳ್ಳಗಿದ್ದರೆ ಅದು ತಳದವರೆಗೂ ಇಳಿಯುತ್ತದೆ, ರಾತ್ರಿ ಕಳೆಯುವುದರೊಳಗೆ ಮುಂದಿನ ಕೋಟ್‌ಗೆ ಮರ ಸಿದ್ಧ. ದಪ್ಪಗಿದ್ದರೆ ಮೇಲ್ಮೈ ಮೊದಲು ಕೆನೆಗಟ್ಟಿ, ಆ ಕೆನೆಯೇ ಕೆಳಗಿನದಕ್ಕೆ ಗಾಳಿ ತಪ್ಪಿಸುತ್ತದೆ. ಕೆನೆ ಆಮ್ಲಜನಕ ಹೀರಿ ಹಿಗ್ಗುತ್ತದೆ, ಕೆಳಗೆ ಹಸಿ ಇರುವುದರಿಂದ ಸುಕ್ಕುಗಟ್ಟುತ್ತದೆ. ಜೆಲ್ ವಾರ್ನಿಷ್‌ನ ಹೆಚ್ಚಿನ ದೂರುಗಳು ಹುಟ್ಟುವ ಜಾಗ ಇದೇ: ಬಟ್ಟೆ ಹೋಗದ ಮೂಲೆಗಳು. ಮಾಮೂಲಿ ವಾರ್ನಿಷ್ ಆಗಿದ್ದರೆ ಸಂದಿನಲ್ಲಿ ಹೆಚ್ಚಾದದ್ದು ಹರಿದು ಬಂದು ಕಣ್ಣಿಗೆ ಬೀಳುತ್ತಿತ್ತು. ಜೆಲ್ ಅಲ್ಲೇ ಗಪ್‌ಚಿಪ್ಪಾಗಿ ಕೂತು ವಾರಗಟ್ಟಲೆ ಅಂಟಂಟಾಗಿರುತ್ತದೆ. ಒಣ ಬ್ರಷ್ಷೊಂದರಿಂದ ಸಂದುಗಳನ್ನು ಒಮ್ಮೆ ಗೋರಿ ತೆಗೆಯುವುದು ಎರಡು ನಿಮಿಷದ ಕೆಲಸ. ಅದೊಂದನ್ನು ಬಿಟ್ಟದ್ದಕ್ಕೆ ಇಡೀ ಬಾಗಿಲು ಕೆರೆಯಬೇಕಾಗಿ ಬರುತ್ತದೆ.

ಮರದ ಜಾತಿಯೂ ತಕರಾರು ತೆಗೆಯುತ್ತದೆ. ಓಕ್, ಮೇಪಲ್, ಪೈನ್ ಮರಗಳ ಮೇಲೆ ಸರಾಗವಾಗಿ ಗಟ್ಟಿಯಾಗುವ ಅದೇ ವಾರ್ನಿಷ್ ನಮ್ಮ ಪಶ್ಚಿಮ ಘಟ್ಟದ ಬೀಟೆಯ ಮೇಲೆ ದಿನಗಟ್ಟಲೆ ಅಂಟು ಬಿಡದೆ ಸತಾಯಿಸಬಹುದು. ತೇಗದಲ್ಲೂ ಈ ಕಾಟ ಇದೆ, ಕೊಂಚ ಕಡಿಮೆ. ಈ ಮರಗಳ ತಿರುಳಿನಲ್ಲಿ ಹುಳು-ಶಿಲೀಂಧ್ರಗಳನ್ನು ದೂರವಿಡುವ ಕ್ವಿನೋನ್, ಫೀನಾಲ್ ಜಾತಿಯ ರಾಸಾಯನಿಕಗಳಿವೆ. ವಾರ್ನಿಷ್‌ನ ದ್ರಾವಕದಲ್ಲಿ ಅವು ಕರಗಿ ಮೇಲೆ ಬರುತ್ತವೆ. ಅಣುಗಳು ಹೆಣೆದುಕೊಳ್ಳುವ ಸರಪಳಿ ಕ್ರಿಯೆಗೆ ಕೊಂಡಿಯಾಗಬೇಕಾದ ಚುರುಕು ಅಣುತುಣುಕುಗಳಾದ ರ್‍ಯಾಡಿಕಲ್‌ಗಳನ್ನು ಅರ್ಧದಾರಿಯಲ್ಲೇ ಹಿಡಿದುಹಾಕುತ್ತವೆ. ನೂರು ವರ್ಷ ಗೆದ್ದಲು ಹತ್ತದೆ ನಿಲ್ಲುವ ಗುಣವೇ ವಾರ್ನಿಷ್‌ಗೆ ಕಂಟಕ.

ಇದಕ್ಕೆ ಮದ್ದು ಹಳೆಯ ಪಾಲಿಶ್ ಕೆಲಸದವರ ಬಳಿಯೇ ಇತ್ತು: ಅರಗು. ಮುತ್ತುಗ, ಕುಸುಮ್, ಬೋರೆ ಮರಗಳ ಕೊಂಬೆಗಳಲ್ಲಿ ಅರಗಿನ ಹುಳು ಸ್ರವಿಸುವ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದರೆ ಸ್ಪಿರಿಟ್ ಹಾರಿಹೋಗಿ ಅರಗು ಉಳಿಯುತ್ತದೆ. ಇಲ್ಲಿ ರಾಸಾಯನಿಕ ಕ್ರಿಯೆಯೇ ಇಲ್ಲ, ಹಾಗಾಗಿ ಬೀಟೆ ಕೆಡಿಸುವುದಕ್ಕೂ ಏನಿಲ್ಲ. ಒಂದು ತೆಳು ಕೋಟ್ ಅರಗು ಹೊಡೆದು, ಅದರ ಮೇಲೆ ಜೆಲ್ ವಾರ್ನಿಷ್ ಹಚ್ಚಿದರೆ ಮರದ ರಸ ಮೇಲೆ ಬರುವುದಿಲ್ಲ. ಅರಗಿನಲ್ಲಿ ಸುಮಾರು ಐದು ಪ್ರತಿಶತ ಮೇಣವಿರುತ್ತದೆ, ಯುರೆಥೇನ್ ಅದರ ಮೇಲೆ ಸರಿಯಾಗಿ ಕಚ್ಚಿಕೊಳ್ಳದು. ಆದ್ದರಿಂದ ಮೇಣ ತೆಗೆದ ಅರಗನ್ನೇ ಕೇಳಿ ತರಬೇಕು. ಅರಗಿನ ವಹಿವಾಟು ನಮ್ಮಲ್ಲಿ ಒಂದು ಕಾಲಕ್ಕೆ ಎಷ್ಟು ದೊಡ್ಡದಿತ್ತೆಂದರೆ, ಮತದಾರರ ಬೆರಳಿನ ಶಾಯಿಯಿಂದ ಎಲ್ಲರಿಗೂ ಗೊತ್ತಿರುವ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಚನ್ನಪಟ್ಟಣದ ಗೊಂಬೆ ಕೆಲಸದವರಿಗೆ ಸ್ಪಿರಿಟ್ ಕೂಡ ಬೇಡ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ, ತಣಿದ ಕೂಡಲೇ ಗಟ್ಟಿ. ಚಪ್ಪಟೆ ಕಪಾಟಿಗೆ ಆ ವಿದ್ಯೆ ನಡೆಯದು.

ಬಾಗಿಲುಗಳಿಗಿಂತ ಶೆಲ್ಫಿನ ಸಮಸ್ಯೆ ಬೇರೆ. ಅಲ್ಲಿ ಇಳಿಯುವ ಭಯವಿಲ್ಲ, ಭಾರ ಹೊರುವ ಭಯ. ಮುಟ್ಟಿದರೆ ಒಣಗಿದಂತೆ ತೋರುವ ಪದರದಲ್ಲಿ ಹೆಣಿಗೆ ಇನ್ನೂ ಅರ್ಧ ಬಾಕಿಯಿರುತ್ತದೆ. ಮಾರನೆಯ ದಿನವೇ ದಪ್ಪ ಪುಸ್ತಕಗಳನ್ನು ಜೋಡಿಸಿದರೆ, ಮೆತ್ತಗಿನ ಪದರ ಒತ್ತಡಕ್ಕೆ ನಿಧಾನವಾಗಿ ಹರಿದು ರಟ್ಟಿನ ಅಂಚಿನೊಳಗೆ ಹೊಕ್ಕು ಕೂರುತ್ತದೆ. ತಿಂಗಳ ಮೇಲೆ ಪುಸ್ತಕ ಎತ್ತುವಾಗ ಚರ್ರೆನ್ನುತ್ತದೆ. ಮೂರು ನಾಲ್ಕು ವಾರ ಖಾಲಿ ಬಿಡುವುದೇ ಲೇಸು. ಮೆತ್ತನೆಯ ಪಿವಿಸಿ ಹೊದಿಕೆಯ ಡೈರಿ, ಫೈಲುಗಳನ್ನಂತೂ ಆಮೇಲೂ ಇಡಬೇಡಿ. ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ವರ್ಷಗಟ್ಟಲೆ ಹೊರಗೆ ಜಿನುಗುತ್ತ ಗಟ್ಟಿಯಾದ ವಾರ್ನಿಷನ್ನೂ ಮತ್ತೆ ಮೆದುಮಾಡುತ್ತದೆ.

ಕಪಾಟಿನ ಒಳಗಡೆಗೆ ಎಣ್ಣೆಯ ವಾರ್ನಿಷ್ ಹಚ್ಚುವುದು ನನ್ನ ಮಟ್ಟಿಗೆ ತಪ್ಪು ಆಯ್ಕೆ. ಎಣ್ಣೆ ಗಟ್ಟಿಯಾಗುವಾಗ ಅಣುಗಳ ತುದಿಗಳು ಮುರಿದು ಹೆಕ್ಸನಾಲ್‌ನಂಥ ಆಲ್ಡಿಹೈಡ್‌ಗಳು ಹೊರಬೀಳುತ್ತವೆ. ಹಳಸಿದ ಎಣ್ಣೆಯ ಕಮಟು ಎಂದು ನಮ್ಮ ಮೂಗು ಗುರುತಿಸುವುದು ಅವನ್ನೇ. ಗಾಳಿಯಾಡದ ಗೂಡಿನಲ್ಲಿ ಆ ವಾಸನೆ ತಿಂಗಳುಗಳ ಕಾಲ ಕೂತುಬಿಡುತ್ತದೆ, ಇಟ್ಟ ಬಟ್ಟೆಬರೆಗೂ ಹತ್ತುತ್ತದೆ. ಎರಡನೆಯದಾಗಿ, ಅಗಸೆ ಎಣ್ಣೆಯ ಪದರ ಬೆಳಕಿನಲ್ಲಿ ಆಗುವುದಕ್ಕಿಂತ ಕತ್ತಲಲ್ಲಿ ಬೇಗ ಹಳದಿಯಾಗುತ್ತದೆ. ಬೆಳಕು ಆ ಹಳದಿಯನ್ನು ಒಂದಿಷ್ಟು ಬಿಳಿಚಿಸುತ್ತ ಇರುತ್ತದೆ, ಮುಚ್ಚಿದ ಬಾಗಿಲ ಹಿಂದೆ ಆ ನೆರವಿಲ್ಲ. ಒಳಗೋಡೆಗಳಿಗೆ ಎರಡು ಕೋಟ್ ಅರಗು ಸಾಕು.

ಕೊನೆಯ ವಸೂಲಿ ಬಟ್ಟೆಗಳದ್ದು, ಅದೇ ಎಲ್ಲಕ್ಕಿಂತ ದುಬಾರಿ. ಬ್ರಷ್ ಆದರೆ ತೊಳೆದಿಡಬಹುದು. ಜೆಲ್ ವಾರ್ನಿಷ್‌ಗೆ ಹಚ್ಚಲೊಂದು, ಒರೆಸಲೊಂದು. ಮೂವತ್ತು ಬಾಗಿಲಿನ ಅಡುಗೆಮನೆಗೆ ನಾಲ್ಕು ಕೋಟ್ ಎಂದರೆ ಎಣ್ಣೆ ಕುಡಿದ ಬಟ್ಟೆಗಳ ರಾಶಿಯೇ ಆಗುತ್ತದೆ. ಎಣ್ಣೆ ಆಮ್ಲಜನಕದೊಂದಿಗೆ ಕೂಡುವಾಗ ಶಾಖ ಹೊಮ್ಮುತ್ತದೆ. ಬಾಗಿಲಿನ ಮೇಲಿನ ತೆಳು ಪದರದಲ್ಲಿ ಅದು ಹುಟ್ಟಿದ ಹಾಗೇ ಆರಿಹೋಗುತ್ತದೆ, ಗೊತ್ತೂ ಆಗುವುದಿಲ್ಲ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ನೂಲಿನ ಎಳೆಯೆಳೆಗೂ ಎಣ್ಣೆ ತೆಳ್ಳಗೆ ಹರಡಿರುವುದರಿಂದ ಆಮ್ಲಜನಕ ಸಿಗುವ ಮೈ ಬಹಳ. ಶಾಖ ಹುಟ್ಟುವುದು ರಾಶಿಯ ಉದ್ದಗಲಕ್ಕೂ, ಹೊರಹೋಗುವುದು ಹೊರಮೈಯಿಂದ ಮಾತ್ರ. ನಡುಭಾಗ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಕ್ರಿಯೆ ಚುರುಕಾಗುತ್ತದೆ, ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಇಮ್ಮಡಿ. ಡಬ್ಬದಲ್ಲಿರುವ ಕೋಬಾಲ್ಟ್ ಇದಕ್ಕೂ ಕೈಜೋಡಿಸುತ್ತದೆ. ಬೆಂಕಿಕಡ್ಡಿ ಗೀರದೆ, ಕಿಡಿ ಸೋಕದೆ, ಕೆಲವು ಗಂಟೆಗಳಲ್ಲಿ ಹತ್ತಿ ಕರಕಾಗಿ ಹೊಗೆಯಾಡತೊಡಗುತ್ತದೆ.

1991ರ ಫೆಬ್ರುವರಿ 23, ಶನಿವಾರ. ಫಿಲಡೆಲ್ಫಿಯಾ ನಗರದ ನಡುವಿನ ಒನ್ ಮೆರಿಡಿಯನ್ ಪ್ಲಾಜಾ, 38 ಅಂತಸ್ತಿನ ಕಚೇರಿ ಕಟ್ಟಡ. ಅದರ 22ನೇ ಮಹಡಿಯಲ್ಲಿ ಗೋಡೆಯ ಮರದ ಹಲಗೆಗಳಿಗೆ ಹೊಸ ಮೆರುಗು ಕೊಡುವ ಕೆಲಸ ನಡೆದಿತ್ತು. ಕೆಲಸದವರು ಅಗಸೆ ಎಣ್ಣೆಯ ಬಟ್ಟೆಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ರಾತ್ರಿ ಎಂಟೂವರೆಯ ಸುಮಾರಿಗೆ ಆ ಬಟ್ಟೆಗಳಿಂದ ಹೊತ್ತಿದ ಬೆಂಕಿ ಮಹಡಿಯಿಂದ ಮಹಡಿಗೆ ಏರಿತು. ದಾರಿ ತಪ್ಪಿ 28ನೇ ಮಹಡಿಯಲ್ಲಿ ಸಿಕ್ಕಿಕೊಂಡ ಮೂವರು ಅಗ್ನಿಶಾಮಕ ಸಿಬ್ಬಂದಿ ಉಸಿರಾಡುವ ಗಾಳಿ ಮುಗಿದು ಸತ್ತರು. ಹನ್ನೊಂದು ಗಂಟೆ ಹೋರಾಡಿದ ಮೇಲೆ ಕಟ್ಟಡ ಕುಸಿದೀತೆಂಬ ಭಯದಿಂದ ಎಲ್ಲರನ್ನೂ ಹೊರಗೆ ಕರೆಸಿದರು. ಎಂಟು ಮಹಡಿ ಸುಟ್ಟ ಬೆಂಕಿ ನಿಂತದ್ದು 30ನೆಯದರಲ್ಲಿ; ಅಲ್ಲಿ ಬಾಡಿಗೆಗಿದ್ದವರು ಸ್ಪ್ರಿಂಕ್ಲರ್ ಹಾಕಿಸಿದ್ದರು, ಹತ್ತು ಸ್ಪ್ರಿಂಕ್ಲರ್‌ಗಳು ತೆರೆದುಕೊಂಡು ತಡೆದವು. ಹತ್ತೊಂಬತ್ತು ಗಂಟೆ ಉರಿದ ಕಟ್ಟಡವನ್ನು ಮತ್ತೆ ಯಾರೂ ಬಳಸಲಿಲ್ಲ, ಆ ದಶಕದ ಕೊನೆಗೆ ಕೆಡವಿದರು.

ಬಟ್ಟೆಗಳಿಗೆ ಮಾಡಬೇಕಾದದ್ದು ಸರಳ. ಕೆಲಸ ಮುಗಿದ ಕೂಡಲೇ, ಕೈ ತೊಳೆಯುವ ಮೊದಲೇ, ಒಂದೊಂದನ್ನೂ ಬಿಡಿಸಿ ಮನೆಯ ಹೊರಗೆ ತಂತಿಗೋ ಬೇಲಿಗೋ ಒಂದೇ ಪದರವಾಗಿ ಹರವಬೇಕು. ಒಂದರ ಮೇಲೊಂದು ಬೀಳಬಾರದು, ಮಡಿಕೆ ಇರಬಾರದು. ಹಾಗೆ ಹರವಿದ ಬಟ್ಟೆ ಹುಟ್ಟಿದ ಶಾಖವನ್ನು ಆಗಿಂದಾಗಲೇ ಗಾಳಿಗೆ ಬಿಟ್ಟುಕೊಡುತ್ತದೆ. ಒಂದೆರಡು ದಿನಕ್ಕೆ ಅದು ರಟ್ಟಿನಂತೆ ಸೆಟೆದರೆ ಎಣ್ಣೆ ಹೆಣೆದು ಮುಗಿದಿದೆ, ಮತ್ತೆ ಬಿಸಿಯಾಗುವ ಭಯವಿಲ್ಲ. ಹರವಲು ಜಾಗವಿಲ್ಲದ ಫ್ಲಾಟಿನವರು ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ ಸೋಪುನೀರು ತುಂಬಿ, ಬಟ್ಟೆಗಳನ್ನು ಪೂರ್ತಿ ಮುಳುಗಿಸಿ ಮುಚ್ಚಿಡಬೇಕು. ಕಸದ ಪ್ಲಾಸ್ಟಿಕ್ ಚೀಲಕ್ಕೆ ಹಸಿಯಾಗಿ ತುರುಕುವುದಂತೂ ಬೇಡವೇ ಬೇಡ. ಮಾರನೆಯ ಕೋಟ್‌ಗೆ ಬೇಕಾಗುತ್ತದೆಂದು ಡಬ್ಬದ ಮೇಲೆ ಮುದುರಿಡುವ ಆ ಒಂದು ಬಟ್ಟೆಗೂ ಇದೇ ನಿಯಮ.